ಎಸೆತದ ಬಲವೂ ಮೈಕಟ್ಟಿನ ಅಳತೆಯೂ

ಎತ್ತರದ, ಅಗಲ ಭುಜದ ಹುಡುಗನನ್ನು ಕಂಡೊಡನೆ ‘ಇವನು ಥ್ರೋಗೇ ಸರಿ’ ಎಂದುಬಿಡುವ ರೂಢಿ ನಮ್ಮ ಮೈದಾನಗಳಿಂದ ಇನ್ನೂ ಹೋಗಿಲ್ಲ. ಈ ನಂಬಿಕೆಗೆ ಶಾಸ್ತ್ರದ ಬೆಂಬಲವೂ ಸಿಕ್ಕಿತ್ತು. ಸಂಶೋಧಕ ಶೆಲ್ಡನ್ 1940ರಲ್ಲಿ ಮೈಕಟ್ಟನ್ನು ಮೂರು ಅಂಶಗಳಾಗಿ ಬಿಡಿಸಿದರು. ಟ್ಯಾನರ್ ರೋಮ್ ಒಲಿಂಪಿಕ್ಸ್‌ನ ಪಟುಗಳನ್ನು ಅಳೆದು 1964ರಲ್ಲಿ ಪುಸ್ತಕ ತಂದರು. ಹೀತ್ ಮತ್ತು ಕಾರ್ಟರ್ 1967ರಲ್ಲಿ ಶೆಲ್ಡನ್‌ರ ಪದ್ಧತಿಯನ್ನು ತಿದ್ದಿದರು. ಎಸೆತಗಾರರು ದಪ್ಪ ಮೂಳೆಯ, ತುಂಬು ಸ್ನಾಯುಗಳ ಆಳುಗಳೆಂಬುದು ಖಚಿತವಾಯಿತು. ಆದರೆ ಟ್ಯಾನರ್ ಅಳೆದದ್ದು ಒಲಿಂಪಿಕ್ಸ್‌ವರೆಗೆ ಬಂದವರನ್ನು. ಅಂಥದೇ ಮೈಯಿದ್ದೂ ದೂರ ಎಸೆಯಲಾಗದೆ ಊರಲ್ಲೇ ಉಳಿದವರ ಲೆಕ್ಕ ಅಲ್ಲಿಲ್ಲ.

ನನಗೆ ಹೆಚ್ಚು ಫಲವತ್ತಾಗಿ ಕಾಣುವುದು ಇನ್ನೊಂದು ಧಾರೆ. ಸಾರ್ಜೆಂಟ್ ಎಂಬವರು 1921ರಲ್ಲೇ ಮನುಷ್ಯನನ್ನು ನಿಂತಲ್ಲಿಂದ ಮೇಲಕ್ಕೆ ಹಾರಿಸಿ ಅಳೆದರು. ದೇಹ ಹೇಗಿದೆ ಎಂಬುದಕ್ಕಿಂತ ಅದು ಏನು ಮಾಡಬಲ್ಲದು ಎಂದು ಕೇಳಿದ ಪರೀಕ್ಷೆ ಅದು. ಸ್ಫೋಟಕ ಶಕ್ತಿಯೆಂದರೆ ಎಷ್ಟು ಬಲವಿದೆ ಎಂಬುದಷ್ಟೇ ಅಲ್ಲ, ಆ ಬಲ ಎಷ್ಟು ಬೇಗ ಹೊರಬರುತ್ತದೆ ಎಂಬುದು. ನರಗಳು ಸ್ನಾಯುವನ್ನು ಎಬ್ಬಿಸುವ ವೇಗವನ್ನಾಗಲಿ, ಸ್ನಾಯುರಜ್ಜುವಿನ ಬಿಗುವನ್ನಾಗಲಿ ಕನ್ನಡಿ ತೋರಿಸದು. ಜಾವೆಲಿನ್‌ನಲ್ಲಿ ಓಟದ ವೇಗವನ್ನು ಮುಂಗಾಲು ತಡೆದು ನಿಲ್ಲಿಸಿದಾಗ ಅದು ಸೊಂಟ, ಎದೆ, ಭುಜ, ಮೊಣಕೈ ಹಾದು 800 ಗ್ರಾಂ ಭರ್ಜಿಗೆ ಇಳಿಯುತ್ತದೆ. ಈ ಸರಣಿಯಲ್ಲಿ ಒಂದು ಕೊಂಡಿ ತಡವಾದರೂ ಅಗಲ ಭುಜ ಕಾಯುವುದಿಲ್ಲ. ಆರಡಿಯ ಆಸುಪಾಸಿನ ನೀರಜ್ ಚೋಪ್ರಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಹೆಚ್ಚುಕಡಿಮೆ ಅವರಷ್ಟೇ ಎತ್ತರದ ಝೆಲೆಜ್ನಿ 1996ರಲ್ಲಿ ಬರೆದ 98.48 ಮೀಟರ್ ವಿಶ್ವ ದಾಖಲೆ ಇಂದಿಗೂ ನಿಂತಿದೆ.

ಹಾಗಾದರೆ ಮೈಸೂರಲ್ಲಿ ಹುಟ್ಟಿದ ಡಿಸ್ಕಸ್ ಪಟು ವಿಕಾಸ್ ಗೌಡರ ಆರೂಮುಕ್ಕಾಲು ಅಡಿ ಎತ್ತರ ಲೆಕ್ಕಕ್ಕಿಲ್ಲವೇ? ಖಂಡಿತ ಇದೆ. ಡಿಸ್ಕಸ್‌ನಲ್ಲಿ ಉದ್ದ ತೋಳು ದೊಡ್ಡ ವೃತ್ತ ಸುತ್ತುತ್ತದೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಚಿನ್ನದಲ್ಲಿ ಆ ತೋಳಿನ ಪಾಲೂ ಇದೆ. ಆದರೆ ಅದು ಸನ್ನೆಕೋಲಿನ ಅನುಕೂಲ, ಸ್ಫೋಟಕ ಶಕ್ತಿಯ ಪುರಾವೆಯಲ್ಲ. ಗುಂಡು ಎಸೆತದಲ್ಲಿ ಆರೂವರೆ ಅಡಿ ಮೀರಿದ ಕ್ರೌಸರ್ 23.56 ಮೀಟರ್ ಎಸೆದರೆ, ಆರಡಿಯ ಆಸುಪಾಸಿನ ಕೊವಾಕ್ಸ್ 23.23 ಮೀಟರ್ ಎಸೆದಿದ್ದಾರೆ.

ಎತ್ತರವೇ ಆಯ್ಕೆಯ ಅಳತೆಗೋಲಾಗಬಲ್ಲ ಆಟವೂ ಇದೆ. ನಾಸಿಕ್ ಜಿಲ್ಲೆಯ ದತ್ತು ಭೋಕನಳ್ ಸೇನೆ ಸೇರಿದ ಮೇಲೆ ದೋಣಿ ಹಿಡಿದು 2016ರ ರಿಯೋ ಒಲಿಂಪಿಕ್ಸ್‌ಗೆ ಹೋದರು. ಎತ್ತರ ನೋಡಿ ಆಳನ್ನು ಆರಿಸುವುದಕ್ಕೆ ರೋಯಿಂಗ್‌ನಲ್ಲಿ ಅರ್ಥವಿದೆ, ಅಲ್ಲಿ ಉದ್ದ ಕೈಕಾಲು ಪ್ರತಿ ಹುಟ್ಟಿನಲ್ಲೂ ದುಡಿಯುತ್ತದೆ. ಅದೇ ಕಣ್ಣನ್ನು ಎಸೆತಕ್ಕೆ ತಂದರೆ, ಬೇಗ ಬೆಳೆದ ಹದಿನಾಲ್ಕರ ಹುಡುಗ ಒಳಗೆ ಬರುತ್ತಾನೆ, ತಡವಾಗಿ ಬೆಳೆಯುವವನು ಮನೆಗೆ ಹೋಗುತ್ತಾನೆ. ನಾಸಿಕ್ ರೋಡ್‌ನಲ್ಲಾಗಲಿ, ಛತ್ರಪತಿ ಸಂಭಾಜಿನಗರದಲ್ಲಾಗಲಿ, ಶಿರಸಿಯಲ್ಲಾಗಲಿ ಆಯ್ಕೆಗೆ ಕೂರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಎತ್ತರದ ಪಕ್ಕದಲ್ಲಿ ಜಿಗಿತ, ಮೂವತ್ತು ಮೀಟರ್ ಓಟ, ತಲೆಯ ಮೇಲಿಂದ ಹಿಂದಕ್ಕೆ ಎಸೆದ ಗುಂಡಿನ ದೂರವನ್ನೂ ಬರೆಯಿರಿ, ಬಿಟ್ಟ ಮಕ್ಕಳನ್ನು ಎರಡು ವರ್ಷದ ನಂತರ ಮತ್ತೊಮ್ಮೆ ಕರೆದು ಅಳೆಯಿರಿ.