ಹ್ವಾಯ್ ನದಿಯ ಎರಡು ದಂಡೆಯ ಚಳಿ

ಚೀನಾದ ಈಶಾನ್ಯದ ಹಾರ್ಬಿನ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 17 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಶಾಂಘೈಯಲ್ಲಿ ಅದೇ ತಿಂಗಳು ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೆ. ಆದರೂ ಹಾರ್ಬಿನ್ನಿನಲ್ಲಿ ಹುಟ್ಟಿ ಬೆಳೆದವರು ಓದಿಗೋ ಕೆಲಸಕ್ಕೋ ಶಾಂಘೈಗೆ ಬಂದರೆ ಮೊದಲ ಚಳಿಗಾಲದಲ್ಲೇ ಹೈರಾಣಾಗುತ್ತಾರೆ ಎಂಬುದು ಆ ದೇಶದಲ್ಲಿ ಎಲ್ಲರೂ ಬಲ್ಲ ಮಾತು. ಉತ್ತರದವರು ಗಟ್ಟಿಗರು, ಹಿಮದಲ್ಲಿ ಪಳಗಿದ ಮೈ ಅವರದು, ದಕ್ಷಿಣದವರು ಸುಕುಮಾರರು ಎಂಬ ನಂಬಿಕೆ ಚೀನಾದಲ್ಲಷ್ಟೇ ಅಲ್ಲ, ಹಿಮ ಬೀಳುವ ದೇಶಗಳಲ್ಲೆಲ್ಲ ಇದೆ. ಚೀನಾದ ಚಳಿಗಾಲದ ಚರಿತ್ರೆಯನ್ನು ಬಿಡಿಸಿ ನೋಡಿದರೆ ಈ ನಂಬಿಕೆ ತಲೆಕೆಳಗಾಗುತ್ತದೆ. ಅಲ್ಲಿ ಚಳಿಯನ್ನು ತಾಳಿಕೊಂಡು ಬಂದವರು ದಕ್ಷಿಣದವರು. ಉತ್ತರದವರು ಅದನ್ನು ಹೊಸ್ತಿಲಾಚೆಗೇ ನಿಲ್ಲಿಸುವುದನ್ನು ಕಲಿತರು. ಈ ವ್ಯತ್ಯಾಸ ರಕ್ತದಿಂದ ಬಂದದ್ದಲ್ಲ. ಮನೆ ಕಟ್ಟುವ ಬಗೆಯಿಂದ, ಸಿಗುವ ಉರುವಲಿನಿಂದ, ಕೊನೆಗೆ ಸರ್ಕಾರ ಎಳೆದ ಒಂದು ಗೆರೆಯಿಂದ ಬಂದದ್ದು.

ಉತ್ತರದ ಹಳ್ಳಿಮನೆಯ ಜೀವ ಇದ್ದದ್ದು ‘ಖಾಂಗ್’ ಎಂಬ ಜಗಲಿಯಲ್ಲಿ. ಇಟ್ಟಿಗೆ ಅಥವಾ ಮಣ್ಣಿನಿಂದ ಕಟ್ಟಿದ, ಕೋಣೆಯ ಒಂದು ಬದಿಯನ್ನೇ ತುಂಬುವ ಎತ್ತರದ ಜಗಲಿ ಅದು. ಪಕ್ಕದ ಅಡುಗೆ ಒಲೆಯ ಹೊಗೆ ನೇರವಾಗಿ ಚಾವಣಿಗೆ ಏರುವುದಿಲ್ಲ. ಜಗಲಿಯೊಳಗಿನ ಕೊಳವೆಗಳಲ್ಲಿ ಸುತ್ತಿ, ತನ್ನ ಬಿಸಿಯನ್ನೆಲ್ಲ ಇಟ್ಟಿಗೆಗೆ ಬಿಟ್ಟುಕೊಟ್ಟು, ಆಚೆ ತುದಿಯ ಹೊಗೆಗೂಡಿನಿಂದ ಹೊರಬೀಳುತ್ತದೆ. ರಾತ್ರಿಯ ಅಡುಗೆಗೆ ಹಾಕಿದ ಜೋಳದ ದಂಟೇ ಬೆಳಗಿನ ತನಕ ಮನೆಮಂದಿಯ ಬೆನ್ನು ಕಾಯುತ್ತದೆ. ಹಗಲಲ್ಲಿ ಅದೇ ಜಗಲಿಯ ಮೇಲೆ ಗಿಡ್ಡ ಮೇಜಿಟ್ಟು ಊಟ, ಹೊಲಿಗೆ, ಹರಟೆ. ಒಲೆಗೆ ಹತ್ತಿರದ ತುದಿ ಹೆಚ್ಚು ಬಿಸಿ, ಅದು ಹಿರಿಯರಿಗೂ ಬಂದ ನೆಂಟರಿಗೂ ಮೀಸಲು. ಮಂಚೂರಿಯಾದ ಮನೆಗಳಲ್ಲಿ ಕೋಣೆಯ ಮೂರು ಗೋಡೆಗಳ ಉದ್ದಕ್ಕೂ ಈ ಜಗಲಿ ಸುತ್ತಿಕೊಳ್ಳುತ್ತಿತ್ತು. ಅಲ್ಲಿ ಕಿಟಕಿಯ ಕಾಗದವನ್ನು ಹೊರಗಡೆಯಿಂದ ಅಂಟಿಸುತ್ತಿದ್ದರು, ಚೌಕಟ್ಟಿನ ಸಂದುಗಳಲ್ಲಿ ಹಿಮ ಕೂತು ಕರಗಿ ಕಾಗದ ನೆನೆಯಬಾರದೆಂದು. ಬೀಜಿಂಗ್ ಅರಮನೆಯಲ್ಲೂ ಇದೇ ತತ್ವ: ಹೊರಗಿನ ಗುಂಡಿಗಳಲ್ಲಿ ಇದ್ದಿಲು ಉರಿಸಿ, ನೆಲದಡಿಯ ಕೊಳವೆಗಳ ಮೂಲಕ ಬಿಸಿಗಾಳಿ ಹಾಯಿಸುತ್ತಿದ್ದರು. ರಾಜನಿಗೂ ರೈತನಿಗೂ ಒಂದೇ ಉಪಾಯ, ನೆಲವನ್ನೇ ಬಿಸಿ ಮಾಡುವುದು.

ಯಾಂಗ್ಟ್‌ಸೆ ನದಿಯ ಸೀಮೆಗೆ ಬಂದರೆ ಮನೆಯ ಕಲ್ಪನೆಯೇ ಬೇರೆ. ಅಲ್ಲಿ ದೊಡ್ಡ ಶತ್ರು ಬೇಸಿಗೆಯ ಸೆಕೆ ಮತ್ತು ತೇವ. ಎತ್ತರದ ಸೂರು, ತೆಳು ಹಲಗೆಯ ಗೋಡೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಎಲ್ಲವೂ ಗಾಳಿಯನ್ನು ಒಳಗೆ ಆಡಿಸಲೆಂದೇ. ನಮ್ಮ ಮಲೆನಾಡಿನ ತೊಟ್ಟಿಮನೆಗಳನ್ನು ಕಂಡವರಿಗೆ ಆ ಮನೆಗಳ ತರ್ಕ ಅರ್ಥವಾಗುತ್ತದೆ. ಇಂಥ ಮನೆಯಲ್ಲಿ ಎಷ್ಟು ಬೆಂಕಿ ಹಾಕಿದರೂ ಬಿಸಿ ನಿಲ್ಲದು. ಹಾಗಾಗಿ ದಕ್ಷಿಣದವರು ಕೋಣೆಯನ್ನು ಬಿಟ್ಟು ಮೈಯನ್ನು ಬೆಚ್ಚಗಿಟ್ಟುಕೊಂಡರು. ಹತ್ತಿ ತುಂಬಿ ಹೊಲಿದ ಅಂಗಿ, ಅಂಗೈಯಲ್ಲಿ ಹಿಡಿಯುವ ತಾಮ್ರದ ಪುಟ್ಟ ಅಗ್ಗಿಷ್ಟಿಕೆ, ಹಾಸಿಗೆಯೊಳಗೆ ಕಾಲಬಳಿ ಇಟ್ಟುಕೊಳ್ಳುವ ಬಿಸಿನೀರಿನ ಪಾತ್ರೆ. ಈ ಪಾತ್ರೆ ಎಷ್ಟು ಹಳೆಯದೆಂದರೆ, ಹನ್ನೊಂದನೆಯ ಶತಮಾನದಲ್ಲಿ ಹುಟ್ಟಿದ ಜ್ಯಾಂಗ್ಶಿ ಸೀಮೆಯ ಕವಿ ಹುವಾಂಗ್ ಟಿಂಗ್‌ಜ್ಯಾನ್ ಅದರ ಮೇಲೆ ಕವಿತೆ ಬರೆದಿದ್ದಾನೆ. ಫೂಜ್ಯಾನಿನ ಹಳ್ಳಿಗಳಲ್ಲಿ ಬಿದಿರಬುಟ್ಟಿಯೊಳಗೆ ಮಣ್ಣಿನ ಕುಡಿಕೆಯಿಟ್ಟು, ಅದರಲ್ಲಿ ಕೆಂಡ ತುಂಬಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಕಾಶ್ಮೀರಿಗಳು ಫೆರನ್ ಎಂಬ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕಾಂಗ್ಡಿಗೆ ಅದು ಎಷ್ಟು ಹತ್ತಿರದ್ದೆಂದರೆ ಅಣ್ಣತಮ್ಮಂದಿರೆನ್ನಬೇಕು. ಈ ಸಾಧನಗಳಲ್ಲಿ ಜಾಣತನವಿದೆ, ಮಿತವ್ಯಯವೂ ಇದೆ. ಆದರೆ ಇವು ಮುಟ್ಟಿದ ಜಾಗವನ್ನಷ್ಟೇ ಕಾಯಿಸುತ್ತವೆ. ಮೂಗು, ಬೆನ್ನು, ಒಣಗದೆ ತೇವ ಹಿಡಿದ ಹಾಸಿಗೆ ಚಳಿಯ ಪಾಲಿಗೇ ಉಳಿಯುತ್ತವೆ.

ಈ ಎರಡು ಬದುಕುಗಳ ನಡುವೆ ಗೆರೆ ಎಳೆದದ್ದು ಆಧುನಿಕ ಕಾಲ. 1908ರಲ್ಲಿ ಭೂಗೋಳಶಾಸ್ತ್ರಜ್ಞ ಝಾಂಗ್ ಶ್ಯಾಂಗ್‌ವೆನ್ ಚಿನ್‌ಲಿಂಗ್ ಪರ್ವತ ಮತ್ತು ಹ್ವಾಯ್ ನದಿಯನ್ನು ಸೇರಿಸುವ ರೇಖೆಯನ್ನು ಚೀನಾದ ಉತ್ತರ-ದಕ್ಷಿಣಗಳ ಗಡಿಯೆಂದು ಸೂಚಿಸಿದ. ಆ ರೇಖೆಯ ಮೇಲೆ ಗೋಧಿ, ಕೆಳಗೆ ಭತ್ತ; ಜನವರಿಯ ಸರಾಸರಿ ಸೊನ್ನೆ ಡಿಗ್ರಿಗೆ ಮುಟ್ಟುವುದೂ ಹೆಚ್ಚುಕಡಿಮೆ ಅದರ ಉದ್ದಕ್ಕೇ. ಪುಸ್ತಕದಲ್ಲಿದ್ದ ಈ ರೇಖೆ 1950ರ ದಶಕದಲ್ಲಿ ಗೋಡೆಗಳೊಳಗಿನ ಕೊಳವೆಯಾಯಿತು. ಸೋವಿಯತ್ ಮಾದರಿಯಲ್ಲಿ ಹೊಸ ಸರ್ಕಾರ ನಗರಗಳಿಗೆ ಸಾಮೂಹಿಕ ಶಾಖದ ವ್ಯವಸ್ಥೆ ಕಟ್ಟಿತು: ದೊಡ್ಡ ಕಲ್ಲಿದ್ದಲ ಬಾಯ್ಲರು, ಅಲ್ಲಿಂದ ಮನೆಮನೆಗೆ ಬಿಸಿನೀರಿನ ಕೊಳವೆ, ಕಿಟಕಿಯಡಿ ಎರಕದ ಕಬ್ಬಿಣದ ರೇಡಿಯೇಟರ್. ಬೀಜಿಂಗಿನಲ್ಲಿ ನವೆಂಬರ್ 15ಕ್ಕೆ ಶುರು, ಮಾರ್ಚ್ 15ಕ್ಕೆ ಕೊನೆ. ಖರ್ಚು ಕೆಲಸ ಕೊಟ್ಟ ಸಂಸ್ಥೆಯದು. ಶುಲ್ಕ ಮನೆಯ ವಿಸ್ತೀರ್ಣದ ಲೆಕ್ಕದಲ್ಲಿ, ಬಳಸಿದಷ್ಟಕ್ಕೆ ಅಳತೆಯಿರಲಿಲ್ಲ, ತಿರುಗಿಸಲು ತಿರುಪೂ ಇರಲಿಲ್ಲ. ಸೆಕೆಯಾದರೆ ಕಿಟಕಿ ತೆರೆಯುತ್ತಿದ್ದರು. ದೇಶ ಬಡವಾಗಿತ್ತು, ಇಂಧನದ ಕೊರತೆಯಿತ್ತು. ಇಡೀ ಚೀನಾಕ್ಕೆ ಇದನ್ನು ಕೊಡಲಾಗದೆಂದು ಹ್ವಾಯ್ ನದಿಯ ಗೆರೆಯಲ್ಲೇ ನಿಲ್ಲಿಸಿದರು.

ಗೆರೆ ಪ್ರಕೃತಿಯದೇ ಅಲ್ಲವೇ, ಚಳಿ ಹೆಚ್ಚಿದ್ದಲ್ಲಿ ಬೆಂಕಿ ಕೊಟ್ಟದ್ದರಲ್ಲಿ ತಪ್ಪೇನು ಎಂದು ಕೇಳಬಹುದು. ಇರುವ ಇಂಧನ ಮೊದಲು ಹಾರ್ಬಿನ್ನಿಗೆ ಹೋದದ್ದು ಸರಿ. ಆದರೆ ಪ್ರಕೃತಿಯಲ್ಲಿ ಚಳಿ ಇಳಿಜಾರಿನಂತೆ ಇಳಿಯುತ್ತದೆ, ಸರ್ಕಾರದ ಗೆರೆಯಲ್ಲಿ ಅದು ಪ್ರಪಾತ. ನದಿಯ ಈಚೆ ದಡದ ಊರಿಗೂ ಆಚೆ ದಡದ ಊರಿಗೂ ಹೊರಗಿನ ಚಳಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಒಳಗಿನ ಚಳಿಯಲ್ಲಿ ಹತ್ತು ಡಿಗ್ರಿಯ ವ್ಯತ್ಯಾಸ ಬಂದೀತು. ಇನ್ನೂ ಗಂಭೀರವಾದದ್ದು, ಆ ಗೆರೆ ಕೊಳವೆಗಳನ್ನು ಮಾತ್ರ ತಡೆಯಲಿಲ್ಲ, ಯೋಚನೆಯನ್ನೂ ತಡೆಯಿತು. ಉತ್ತರದ ವಾಸದ ಮನೆಗಳ ಗೋಡೆ-ಕಿಟಕಿಗಳು ಶಾಖವನ್ನು ಹೇಗೆ ಹಿಡಿದಿಡಬೇಕೆಂಬ ಮಾನದಂಡ 1986ರಲ್ಲೇ ಬಂತು. ಯಾಂಗ್ಟ್‌ಸೆ ಸೀಮೆಯ ಮನೆಗಳಿಗೆ ಅಂಥ ಮಾನದಂಡ ಬಂದದ್ದು 2001ರಲ್ಲಿ. ಶಾಖ ಕೊಡದ ಊರಿನಲ್ಲಿ ಶಾಖ ಉಳಿಸುವ ಗೋಡೆ ಯಾಕೆ ಎಂಬ ತರ್ಕದಲ್ಲಿ ಆ ಹದಿನೈದು ವರ್ಷಗಳಲ್ಲಿ ಎದ್ದ ಅಪಾರ ಕಟ್ಟಡಗಳು ತೆಳುಗೋಡೆಯವೇ ಆದವು. ಹಳೆಯ ತೊಟ್ಟಿಮನೆಯ ಹಲಗೆ ಕಾಂಕ್ರೀಟಾಯಿತು, ಚಳಿ ಮಾತ್ರ ಹಾಗೇ ಇತ್ತು.

ಮೈ ಚಳಿಗೆ ಒಗ್ಗುವುದೇ ಇಲ್ಲವೇ ಎಂಬುದು ಎರಡನೆಯ ಆಕ್ಷೇಪ. ಒಗ್ಗುತ್ತದೆ, ಸ್ವಲ್ಪ ಮಟ್ಟಿಗೆ. ಆದರೆ ಜೀವ ಉಳಿಸುವುದು ಆ ಒಗ್ಗಿಕೆ ಅಲ್ಲ ಎಂಬುದಕ್ಕೆ ಯುರೋಪಿನಿಂದ ಬಲವಾದ ಸಾಕ್ಷ್ಯವಿದೆ. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಉತ್ತರ-ದಕ್ಷಿಣದ ಹಲವು ಪ್ರದೇಶಗಳನ್ನು ಹೋಲಿಸಿತು. ಉಷ್ಣತೆ 18 ಡಿಗ್ರಿಗಿಂತ ಒಂದೊಂದು ಡಿಗ್ರಿ ಇಳಿದಾಗಲೂ ಸಾವಿನ ಪ್ರಮಾಣ ದಕ್ಷಿಣ ಫಿನ್ಲೆಂಡಿನಲ್ಲಿ ಶೇ. 0.27ರಷ್ಟು ಏರಿದರೆ ಅಥೆನ್ಸಿನಲ್ಲಿ ಶೇ. 2.15ರಷ್ಟು ಏರುತ್ತಿತ್ತು. ಹೊರಗೆ 7 ಡಿಗ್ರಿ ಇದ್ದಾಗ ಫಿನ್ಲೆಂಡಿನ ನಡುಮನೆ 21.7 ಡಿಗ್ರಿ ಇದ್ದರೆ ಅಥೆನ್ಸಿನದು 19.2. ಅಷ್ಟೇ ಚಳಿಗೆ ಫಿನ್ಲೆಂಡಿನಲ್ಲಿ ಶೇ. 72 ಮಂದಿ ಟೋಪಿ ಹಾಕಿಕೊಂಡಿದ್ದರು, ಅಥೆನ್ಸಿನಲ್ಲಿ ಶೇ. 13. ಈ ಟೋಪಿಯ ಲೆಕ್ಕ ನನಗೆ ಇಡೀ ಅಧ್ಯಯನದ ತಿರುಳಾಗಿ ಕಾಣುತ್ತದೆ. ಗಟ್ಟಿಗರೆನಿಸಿಕೊಂಡವರು ಸಾಧಾರಣ ಚಳಿಗೇ ತಲೆ ಮುಚ್ಚಿಕೊಳ್ಳುತ್ತಾರೆ. ಚಳಿಯನ್ನು ಲಘುವಾಗಿ ಕಾಣುವುದು ಅದನ್ನು ಸರಿಯಾಗಿ ಕಾಣದ ಊರಿನವರು.

ಹಿಮ ನಿಜವಾಗಿ ದಕ್ಷಿಣಕ್ಕೆ ಇಳಿದರೆ ಏನಾಗುತ್ತದೆಂಬುದು 2008ರ ಜನವರಿ-ಫೆಬ್ರವರಿಯಲ್ಲಿ ಗೊತ್ತಾಯಿತು. ಹಾರ್ಬಿನ್ ದಿನನಿತ್ಯ ಕಾಣುವ ಚಳಿಗಿಂತ ಎಷ್ಟೋ ಸೌಮ್ಯವಾದ ಚಳಿ ಅದು. ಆದರೆ ಬಿದ್ದದ್ದು ಬರೀ ಹಿಮವಲ್ಲ, ತಂತಿಗೆ ತಾಕಿದೊಡನೆ ಹೆಪ್ಪುಗಟ್ಟುವ ಮಳೆ. ದಕ್ಷಿಣದ ಹೂನಾನ್ ಪ್ರಾಂತದ ವಿದ್ಯುತ್ ಗೋಪುರಗಳನ್ನು ಅಷ್ಟು ಮಂಜುಗಡ್ಡೆಯ ಭಾರ ಹೊರಲೆಂದು ಕಟ್ಟಿರಲಿಲ್ಲ. ಸಾಲುಸಾಲಾಗಿ ಮಡಚಿ ಬಿದ್ದವು. ಗೋಪುರ ಹತ್ತಿ ಮಂಜುಗಡ್ಡೆ ಒಡೆಯುತ್ತಿದ್ದ ಮೂವರು ಕೆಲಸಗಾರರು ಅದರೊಂದಿಗೇ ಬಿದ್ದು ಸತ್ತರು. ಛೆನ್‌ಝೌ ನಗರ ಹತ್ತು ದಿನಕ್ಕೂ ಹೆಚ್ಚು ಕಾಲ ಕತ್ತಲಲ್ಲಿತ್ತು. ಬೀಜಿಂಗ್-ಗ್ವಾಂಗ್‌ಝೌ ವಿದ್ಯುತ್ ರೈಲುಮಾರ್ಗ ನಿಂತಿತು. ಹೊಸವರ್ಷದ ಹಬ್ಬಕ್ಕೆ ಊರಿಗೆ ಹೊರಟ ಲಕ್ಷಾಂತರ ಕೂಲಿಕಾರರು ಗ್ವಾಂಗ್‌ಝೌ ನಿಲ್ದಾಣದ ಮುಂದೆ ಮಳೆಯಲ್ಲಿ ನಿಂತರು. ಪ್ರಧಾನಿ ವೆನ್ ಜ್ಯಾಬಾವ್ ಛಾಂಗ್‌ಷಾ ನಿಲ್ದಾಣಕ್ಕೆ ಬಂದು ಜನರ ಕ್ಷಮೆ ಕೇಳಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 129 ಮಂದಿ. ಐವತ್ತು ವರ್ಷಕ್ಕೊಮ್ಮೆ ಬರುವ ಹಿಮಕ್ಕಾಗಿ ದಕ್ಷಿಣದ ಊರೂರೂ ಹಿಮ ಗುಡಿಸುವ ಯಂತ್ರ ಕೊಳ್ಳಬೇಕೇ ಎಂಬ ಪ್ರಶ್ನೆ ನ್ಯಾಯದ್ದು, ಕೊಳ್ಳಬೇಕಿಲ್ಲ. ಆದರೆ ವಿದ್ಯುತ್ ತಂತಿ, ಆಸ್ಪತ್ರೆ, ಶಾಲೆಗಳ ಮಾತು ಬೇರೆ. ದಕ್ಷಿಣದ ತೇವದ ಚಳಿ ಐವತ್ತು ವರ್ಷಕ್ಕೊಮ್ಮೆ ಬರುವುದಲ್ಲ, ಪ್ರತಿವರ್ಷ ಎರಡು ಮೂರು ತಿಂಗಳು ಮನೆಯೊಳಗೇ ಕೂರುತ್ತದೆ.

ಉತ್ತರದ ದಾರಿಯೇ ಸರಿಯಾದದ್ದೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಆ ಬಿಸಿಯ ಬೆಲೆಯನ್ನು ಉತ್ತರದವರು ಉಸಿರಿನಲ್ಲಿ ತೆತ್ತರು. ಹ್ವಾಯ್ ನದಿಯ ಎರಡು ಬದಿಗಳನ್ನೇ ಹೋಲಿಸಿ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು, ಕಲ್ಲಿದ್ದಲ ಹೊಗೆಯಿಂದ ಉತ್ತರದವರ ಆಯಸ್ಸು ಐದೂವರೆ ವರ್ಷ ಕುಗ್ಗಿದೆಯೆಂದು 2013ರಲ್ಲಿ ಅಂದಾಜಿಸಿತು. ಹೊಸ ಅಂಕಿಗಳೊಂದಿಗೆ 2017ರಲ್ಲಿ ಬಂದ ಅಂದಾಜು 3.1 ವರ್ಷ. ಅಂಕಿ ಯಾವುದೇ ಇರಲಿ, ಹೊಗೆ ಇದ್ದದ್ದು ನಿಜ. ಅದನ್ನು ಕಡಿಮೆ ಮಾಡಲೆಂದು ಅದೇ 2017ರಲ್ಲಿ ಸರ್ಕಾರ ಬೀಜಿಂಗಿನ ಸುತ್ತಲಿನ ಹಳ್ಳಿಗಳ ಕಲ್ಲಿದ್ದಲ ಒಲೆಗಳನ್ನು ಅವಸರದಲ್ಲಿ ತೆಗೆಸಿತು. ಕೆಲವೆಡೆ ಅನಿಲದ ಕೊಳವೆ ಇನ್ನೂ ಬಂದಿರಲಿಲ್ಲ, ಬಂದಲ್ಲಿ ಅನಿಲ ಸಾಲಲಿಲ್ಲ. ಆ ಡಿಸೆಂಬರಿನಲ್ಲಿ ಹೆಬೆ ಪ್ರಾಂತದ ಚ್ಯುಯಾಂಗ್ ತಾಲ್ಲೂಕಿನ ಕೆಲವು ಶಾಲೆಗಳ ತರಗತಿಗಳು ತಣ್ಣಗೆ ಕೊರೆಯುತ್ತಿದ್ದವು. ತಲೆಮಾರುಗಳಿಂದ ಉತ್ತರದ ಹಿಮದಲ್ಲೇ ಬಾಳಿದವರ ಮಕ್ಕಳು ಅವರು. ಒಳಗೆ ಕೂರಲಾರದೆ ಅಂಗಳಕ್ಕೆ ಬಂದು, ಬಿಸಿಲು ಬಿದ್ದ ಕಡೆ ಕೂತು ಪಾಠ ಓದಿದರು.