ವೇದಿಕೆಯೇ ಇಲ್ಲದ ಊರಲ್ಲೊಂದು ರಾಕ್ ಬ್ಯಾಂಡು

ಜಿದ್ದಾದಲ್ಲಿ 2008ರಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು ಅಂದ್ರೆ, ಈಚೆಗೆ ಸೌದಿಗೆ ಬಂದ ನಮ್ಮ ಹುಡುಗರಿಗೆ ಅದರಲ್ಲೇನು ವಿಶೇಷ ಅನ್ನಿಸಬಹುದು. ಅದರಲ್ಲಿದ್ದವರೆಲ್ಲ ಕಾಲೇಜು ಓದುತ್ತಿದ್ದ ಸೌದಿ ಹುಡುಗಿಯರು ಅಂದ್ರೆ ಹುಬ್ಬೇರಿಸ್ತಾರೆ. ಅವರು ತಮ್ಮ ಊರಲ್ಲಿ ವೇದಿಕೆ ಹತ್ತುವ ಹಾಗಿರಲಿಲ್ಲ, ಆಲ್ಬಮ್ಮಿನ ಮೇಲೆ ತಮ್ಮ ಫೋಟೋ ಹಾಕಿಕೊಳ್ಳುವ ಹಾಗಿರಲಿಲ್ಲ ಅಂದ್ರೆ "ಮತ್ತೆ ಬ್ಯಾಂಡು ಕಟ್ಟಿದ್ದಾದರೂ ಯಾಕೆ?" ಅಂತಾರೆ. ಒಳ್ಳೇ ಪ್ರಶ್ನೆ. ಇಷ್ಟು ಬರೆಯೋದಕ್ಕೆ ಆ ಪ್ರಶ್ನೆಯೇ ಕಾರಣ.

ಬ್ಯಾಂಡಿನ ಹೆಸರು 'ದಿ ಅಕೊಲೇಡ್'. ಎಡ್ಮಂಡ್ ಬ್ಲೇರ್ ಲೇಟನ್ ಎಂಬ ಇಂಗ್ಲಿಷ್ ಕಲಾವಿದ 1901ರಲ್ಲಿ ಬರೆದ ಚಿತ್ರವೊಂದರ ಹೆಸರು ಅದು. ಮಂಡಿಯೂರಿ ಕೂತ ಯೋಧನ ಭುಜಕ್ಕೆ ರಾಣಿಯಂಥ ಹೆಣ್ಣೊಬ್ಬಳು ಕತ್ತಿ ಮುಟ್ಟಿಸಿ ವೀರಪದವಿ ಕೊಡುತ್ತಿರುವ ಚಿತ್ರ. ಹೆಸರು ಆರಿಸಿದ್ದರಲ್ಲೇ ಒಂದು ಮಾತಿದೆ, ಅಲ್ವಾ? ಬ್ಯಾಂಡಿನಲ್ಲಿ ಇಬ್ಬರು ಅಕ್ಕತಂಗಿಯರು, ಜೊತೆಗೆ ಅವರ ಗೆಳತಿಯರು. ಅಭ್ಯಾಸವೆಲ್ಲ ಮನೆಯೊಳಗೆ. ಅವರ ಮೊದಲ ಹಾಡು 'ಪಿನೋಕಿಯೋ'. ಅದನ್ನು ಮೈಸ್ಪೇಸ್ ಪುಟಕ್ಕೆ ಏರಿಸಿದರು, ಸೌದಿ ಹುಡುಗ ಹುಡುಗಿಯರು ಸದ್ದಿಲ್ಲದೆ ಇಳಿಸಿಕೊಂಡು ಕೇಳಿದರು. 2008ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು.

ಇವರ ಸಂಗೀತವನ್ನು ಪ್ರೋಗ್ರೆಸಿವ್ ರಾಕ್ ಕಡೆಗೆ ಸೇರಿಸುವವರಿದ್ದಾರೆ. ಹಾಗಂದ್ರೇನು ಅಂತ ಕೇಳುವವರಿಗೆ ಎರಡು ಮಾತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಒಂದಷ್ಟು ಹುಡುಗರಿಗೆ ಮೂರು ನಿಮಿಷದ ಹಾಡು, ನಾಲ್ಕೇ ಪೆಟ್ಟಿನ ತಾಳ ಸಾಕಾಯಿತು. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಬಂತು. 1972ರಲ್ಲಿ ಜೆಥ್ರೋ ಟಲ್ ಇಡೀ ಎಲ್ಪಿಗೆ ಒಂದೇ ಹಾಡು ಮಾಡಿದರು. ಅರ್ಧ ಹಾಡಿಗೆ ಎದ್ದು ತಟ್ಟೆ ಮಗುಚಿ ಹಾಕಬೇಕು! 1973ರ ಪಿಂಕ್ ಫ್ಲಾಯ್ಡ್ ಹಾಡು 'ಮನಿ' ಕೇಳಿ ನೋಡಿ, ಬಹುಪಾಲು ಏಳು ಪೆಟ್ಟಿನಲ್ಲೇ ನಡೆಯುತ್ತದೆ. ತಕಿಟ ತಕಧಿಮಿ ಅಂತ ಬೆರಳೆಣಿಸಿದವರಿಗೆ ಅದು ನಮ್ಮ ಮಿಶ್ರಛಾಪುವಿನ ದೂರದ ನೆಂಟನ ಹಾಗೆ ಕೇಳಿಸುತ್ತದೆ. ನಿಧಾನಕ್ಕೆ ಬೆಳೆಯುವ ಸಂಗೀತ ಇದು. ತಿಂಗಳುಗಟ್ಟಲೆ ಅಭ್ಯಾಸ ಬೇಡುತ್ತದೆ, ಕೂತು ಕೇಳುವ ಜನರನ್ನು ಬೇಡುತ್ತದೆ, ದೀಪ, ಧ್ವನಿ, ದೊಡ್ಡ ರಂಗ ಎಲ್ಲವನ್ನೂ ಬೇಡುತ್ತದೆ. ಸೌದಿಯಲ್ಲಿ ಆಗ ಇಲ್ಲದಿದ್ದದ್ದು ಅದೇ.

ಹಾಗಂತ ಇದು ಮೊದಲಿನಿಂದಲೂ ಹಾಡಿಲ್ಲದ ನಾಡು ಅಂದುಕೊಳ್ಳಬೇಡಿ. ತಲಾಲ್ ಮದ್ದಾ, ಮೊಹಮ್ಮದ್ ಅಬ್ದು ಅಂದ್ರೆ ಇಲ್ಲಿಯವರು ಇವತ್ತಿಗೂ ಕರಗಿಹೋಗ್ತಾರೆ. ತಲಾಲ್ ಮದ್ದಾ ಕಣ್ಣು ಮುಚ್ಚಿದ್ದೂ 2000ದ ಆಗಸ್ಟಿನಲ್ಲಿ ಅಭಾದ ವೇದಿಕೆಯ ಮೇಲೆ, ಹಾಡುತ್ತಿದ್ದಾಗಲೇ ಕುಸಿದು. ಮದುವೆಗಳಲ್ಲಿ ಹೆಂಗಸರ ಕಡೆಯ ಹಾಲಿನಲ್ಲಿ ಹೆಂಗಸರದ್ದೇ ವಾದ್ಯಮೇಳ ದಫ್ ಬಾರಿಸಿ ರಾತ್ರಿಯಿಡೀ ಹಾಡುವ ಪದ್ಧತಿ ಬಹಳ ಹಳೆಯದು. ಆದರೆ ಗಂಡಸರ ಕಿವಿಗೆ ಬೀಳುವಂತಿಲ್ಲ. 1979ರ ನವೆಂಬರಿನಲ್ಲಿ ಮೆಕ್ಕಾದ ದೊಡ್ಡ ಮಸೀದಿಯನ್ನು ಬಂಡುಕೋರರು ಹಿಡಿದುಕೊಂಡರಲ್ಲ, ಆ ಘಟನೆಯ ನಂತರ ಹಗ್ಗ ಇನ್ನೂ ಬಿಗಿಯಾಯಿತು. ಸಿನಿಮಾ ಮಂದಿರಗಳು ಮುಚ್ಚಿದವು, ಟೀವಿಯಲ್ಲಿ ಹಾಡುವ ಹೆಂಗಸರು ಕಾಣೆಯಾದರು. ಇತಾಬ್ ಎಂಬ ಸೌದಿ ಗಾಯಕಿ ಹೋಗಿ ಈಜಿಪ್ಟಿನಲ್ಲಿ ನೆಲೆಸಿದರು.

ಆದರೆ ಗೋಡೆ ಕಟ್ಟಿದ ಕಡೆ ಬಿರುಕೂ ಇರುತ್ತದೆ ನೋಡಿ. ನಾನಿರುವ ಈ ಪೂರ್ವ ಪ್ರಾಂತ್ಯದಲ್ಲೇ 1996ರಲ್ಲಿ 'ಸೌಂಡ್ ಆಫ್ ರೂಬಿ' ಅನ್ನುವ ಪಂಕ್ ತಂಡ ಹುಟ್ಟಿತು. ಆಮೇಲೆ ಖತೀಫಿನಲ್ಲಿ, ಜಿದ್ದಾದಲ್ಲಿ ಮೆಟಲ್ ತಂಡಗಳು ಬಂದವು. ನುಡಿಸೋದೆಲ್ಲಿ? ವಿದೇಶಿಯರ ಕಾಂಪೌಂಡುಗಳಲ್ಲಿ, ಇಲ್ಲವೇ ಊರಾಚೆಯ ಇಸ್ತಿರಾಹಗಳಲ್ಲಿ. ಇಸ್ತಿರಾಹ ಅಂದ್ರೆ ದಿನಬಾಡಿಗೆಗೆ ಸಿಗುವ, ಎತ್ತರದ ಕಾಂಪೌಂಡಿನ ವಿಹಾರದ ಮನೆ. ನಾವು ಕನ್ನಡಿಗರು ರಾಜ್ಯೋತ್ಸವ ಮಾಡುತ್ತಿದ್ದದ್ದೂ ಅಂಥಲ್ಲೇ. ಸ್ಪೀಕರಿನ ಸದ್ದು ಗೋಡೆ ದಾಟದ ಹಾಗೆ ನೋಡಿಕೊಳ್ಳೋದಕ್ಕೆ ಒಬ್ಬರನ್ನು ಗೇಟಿನ ಹತ್ತಿರ ನಿಲ್ಲಿಸ್ತಿದ್ವಿ. ನಮ್ಮ ಕೋಲಾಟಕ್ಕೂ ಆ ಹುಡುಗರ ಗಿಟಾರಿಗೂ ಒಂದೇ ಭಯ ಇತ್ತು, ಮುತವ್ವಾಗಳದ್ದು. ಇನ್ನೂ ಧೈರ್ಯ ಇದ್ದವರಿಗೆ 1986ರಲ್ಲಿ ತೆರೆದ 25 ಕಿಲೋಮೀಟರಿನ ಸೇತುವೆ ಇತ್ತು, ದಾಟಿದರೆ ಬಹ್ರೇನ್.

ಹುಡುಗಿಯರ ಪಾಲಿಗೆ ಆ ಸೇತುವೆಯೂ ಸುಲಭವಿರಲಿಲ್ಲ. ಕಾರು ಓಡಿಸುವ ಹಾಗಿಲ್ಲ, ಮನೆಯ ಗಂಡಸರ ಒಪ್ಪಿಗೆಯಿಲ್ಲದೆ ಗಡಿ ದಾಟುವ ಹಾಗಿಲ್ಲ. ಹಾಗಾಗಿ ಅವರಿಗಿದ್ದ ಒಂದೇ ವೇದಿಕೆ ಇಂಟರ್ನೆಟ್ಟು. ಮೈಸ್ಪೇಸೇ ಅವರ ಅರಮನೆ ಮೈದಾನ. ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ಬಂದು ಆರ್ಭಟಿಸಿ ಹೋಗಿದ್ದರು. ಅಲ್ಲಿಯ ಹುಡುಗಿಯರು ಮಳೆಗಾಲದ ಕಾಲೇಜು ಫೆಸ್ಟಿನಲ್ಲಿ ಹಾಡೋದು ಯಾರಿಗೂ ಸುದ್ದಿಯೇ ಅಲ್ಲ. ಅದೇ ಹೊತ್ತಿಗೆ ಜಿದ್ದಾದಲ್ಲಿ ಒಂದು ಹಾಡು ಏರಿಸಿದ್ದಕ್ಕೆ ಅಮೆರಿಕದ ಪತ್ರಿಕೆಯಲ್ಲಿ ಸುದ್ದಿ!

ಆದರೆ ನಾವೂ ಬೀಗುವ ಹಾಗಿಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ ಕತೆ ನೆನಪಿದೆಯಾ? ತಿರುವೈಯಾರಿನಲ್ಲಿ ಹಾಳು ಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಸ್ವಂತ ದುಡ್ಡು ಹಾಕಿ ಗುಡಿ ಕಟ್ಟಿಸಿದರು, 1926ರಲ್ಲಿ ಪ್ರತಿಷ್ಠೆಯೂ ಆಯಿತು. ಆದರೆ ಆರಾಧನೆಯಲ್ಲಿ ಹಾಡೋದಕ್ಕೆ ಮಾತ್ರ ಹೆಂಗಸರಿಗೆ ಜಾಗ ಇಲ್ಲ! ಆಯಮ್ಮ ಸುಮ್ಮನೆ ಕೂರಲಿಲ್ಲ. ಹೆಂಗಸರದ್ದೇ ಬೇರೆ ಆರಾಧನೆ ಶುರು ಮಾಡಿದರು. 1940ರ ಹೊತ್ತಿಗೆ ಬಣಗಳೆಲ್ಲ ಒಂದಾಗಿ ಹೆಂಗಸರೂ ಹಾಡುವಂತಾಯಿತು. ಇವತ್ತು ಅಲ್ಲಿ ಪಂಚರತ್ನ ಹಾಡುವ ಹೆಣ್ಣುಮಕ್ಕಳನ್ನು ನೋಡಿದರೆ ಇದು ಯಾವಾಗಲೂ ಹೀಗೇ ಇತ್ತು ಅನ್ನಿಸುತ್ತದೆ. ಹಾಗನ್ನಿಸಬಾರದು ಅಂತಲೇ ಅಲ್ಲಿ ಆಯಮ್ಮನ ಸಮಾಧಿಯೂ ಇದೆ.

ಇನ್ನು ಸೌದಿಯ ಮುಂದಿನ ಕತೆ ಬಹಳ ವೇಗವಾಗಿ ನಡೆಯಿತು. 2016ರ ಏಪ್ರಿಲಿನಲ್ಲಿ ಮುತವ್ವಾಗಳ ಬಂಧಿಸುವ ಅಧಿಕಾರ ಹೋಯಿತು. ಅದೇ ವರ್ಷ ಸರ್ಕಾರವೇ ಮನರಂಜನೆಗೆ ಒಂದು ಪ್ರಾಧಿಕಾರ ಮಾಡಿತು. 2018ರಲ್ಲಿ ಸಿನಿಮಾ ಬಂತು, ಹೆಂಗಸರ ಕೈಗೆ ಸ್ಟೀರಿಂಗ್ ಬಂತು. 2019ರ ಡಿಸೆಂಬರಿನಲ್ಲಿ ರಿಯಾದಿನಲ್ಲಿ ಸೌಂಡ್‌ಸ್ಟಾರ್ಮ್ ಉತ್ಸವ ಮೊದಲಾಯಿತು, 2023ರಲ್ಲಿ ಅದೇ ಉತ್ಸವಕ್ಕೆ ಮೆಟಾಲಿಕಾ ಬಂತು. ಈಗ ರಿಯಾದಿನಲ್ಲಿ 'ಸೀರಾ' ಎಂಬ ಹೆಣ್ಣುಮಕ್ಕಳ ತಂಡ ಅರಬ್ಬಿ ಧಾಟಿಗೆ ಸೈಕೆಡೆಲಿಕ್ ರಾಕ್ ಬೆರೆಸಿ, ಎಲ್ಲರೆದುರೇ ವೇದಿಕೆಯಲ್ಲಿ ನುಡಿಸಿದೆ. ಸಂತೋಷದ ವಿಷಯವೇ. ಯಾವ ಹಾಡು, ಯಾವ ಮಾತು ಎಲ್ಲಿಯವರೆಗೆ ಅಂತ ಗೆರೆ ಎಳೆಯುವವರು ಈಗಲೂ ಮೇಲಿನವರೇ, ಆ ಮಾತು ಬೇರೆ.

ಅದೇ 2019ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಮೈಸ್ಪೇಸ್ ಕಂಪನಿ, ಸರ್ವರ್ ಬದಲಿಸುವಾಗ 2003ರಿಂದ 2015ರವರೆಗೆ ಜನ ಏರಿಸಿದ್ದ ಸಂಗೀತವೆಲ್ಲ ಅಳಿಸಿಹೋಗಿದೆ ಅಂತ ಒಪ್ಪಿಕೊಂಡಿತು. ಐದು ಕೋಟಿಗೂ ಹೆಚ್ಚು ಹಾಡುಗಳು ಅಂತ ಆಗ ಲೆಕ್ಕ ಬಂತು. ಅಂದ್ರೆ ಸೌದಿಯಲ್ಲಿ ನಿಜವಾದ ವೇದಿಕೆ ಎದ್ದು ನಿಂತ ವರ್ಷವೇ, ವೇದಿಕೆ ಇಲ್ಲದಿದ್ದಾಗ ಆ ಹುಡುಗಿಯರು ಹತ್ತಿದ್ದ ವೇದಿಕೆ ಮಣ್ಣಾಯಿತು. ಯಾರೂ ನಿಷೇಧ ಹಾಕಲಿಲ್ಲ, ಯಾವ ಮುತವ್ವಾನೂ ಬಾಗಿಲು ತಟ್ಟಲಿಲ್ಲ. ಒಂದು ಅಜಾಗರೂಕತೆ, ಅಷ್ಟೇ. ಕೇಳಿದವರಲ್ಲಿ ಯಾರಾದರೂ ಇಳಿಸಿಟ್ಟುಕೊಂಡಿದ್ದರೆ ಅದೇ ಉಳಿದದ್ದು.

ನಾಗರತ್ನಮ್ಮನವರು ಕಲ್ಲಿನಲ್ಲಿ ಕಟ್ಟಿದ್ದರು, ಉಳಿಯಿತು. ಜಿದ್ದಾದ ಹುಡುಗಿಯರಿಗೆ ಕಲ್ಲು ಸಿಗಲಿಲ್ಲ. ನಾಳೆ ಯಾರಾದರೂ ಸೌದಿ ರಾಕ್ ಸಂಗೀತದ ಇತಿಹಾಸ ಬರೆದರೆ ಟಿಕೆಟ್ಟು ಮಾರಿದ ಮೊದಲ ಕಾರ್ಯಕ್ರಮದಿಂದ ಶುರು ಮಾಡುವ ಅಪಾಯ ಇದೆ. ಅದಕ್ಕೂ ಹತ್ತು ವರ್ಷ ಹಿಂದೆ, ಪರದೆ ಎಳೆದ ಕೋಣೆಯಲ್ಲಿ, ಕೇಳುವವರು ಯಾರೂ ಎದುರಿಲ್ಲದೆ ಶ್ರುತಿ ಕೂಡಿಸಿಕೊಂಡವರಿದ್ದರು. ಬ್ಯಾಂಡು ಕಟ್ಟಿದ್ದು ಯಾಕೆ ಅಂತ ಕೇಳಿದ್ರಲ್ಲ... ವೇದಿಕೆ ಬರಲಿ ಅಂತ ಕಾದು ಕೂತಿದ್ದರೆ, ವೇದಿಕೆ ಬಂದ ದಿನ ಅದನ್ನು ಹತ್ತೋದಕ್ಕೆ ಯಾರಿಗೆ ಧೈರ್ಯ ಇರ್ತಿತ್ತು ಹೇಳಿ?