ತೆನೆಯ ಹಾಲು, ತಳಿಯ ಗುಣ: ಅಮೆರಿಕದ ಕ್ರೀಮ್ಡ್ ಕಾರ್ನ್ ಕುರಿತು

ಕ್ರೀಮ್ಡ್ ಕಾರ್ನ್ ಎಂದರೆ ಮೆಕ್ಕೆಜೋಳದ ಕಾಳಿಗೆ ಬೆಣ್ಣೆ, ಮೈದಾ, ಕೆನೆ ಬೆರೆಸಿ ಕುದಿಸಿದ ಪದಾರ್ಥ ಎಂಬುದು ಇಂದಿನ ಬಹುಪಾಲು ಪಾಕಪುಸ್ತಕಗಳ ಧೋರಣೆ. ಈ ಲೇಖನದ ವಾದ ಬೇರೆ. ಈ ಪದಾರ್ಥ ಮಂದವಾಗುವುದು ಮೂಲತಃ ಎಳೆ ತೆನೆಯ ಹಾಲಿನಿಂದ. ಕೆನೆ, ಬೆಣ್ಣೆಗಳು ರುಚಿಗೆಂದು ಹಿಂದೆಯೂ ಸೇರುತ್ತಿದ್ದವು. ಅವಿಲ್ಲದೆ ಪದಾರ್ಥ ಕೂಡಿಬರುವುದೇ ಇಲ್ಲವೆಂಬ ಸ್ಥಿತಿ ಬಂದದ್ದು ತೆನೆಯ ತಳಿ ಬದಲಾದ ಮೇಲೆ.

ಯುರೋಪಿನವರು ಕಾಲಿಡುವ ಮೊದಲು ಉತ್ತರ ಅಮೆರಿಕದಲ್ಲಿ ಹೈನುಗಾರಿಕೆ ಇರಲಿಲ್ಲ. ಹಸಿ ತೆನೆ ಕೆರೆಯುವ ಕಲೆ ಇತ್ತು. ಇರೊಕ್ವಾಯ್ ಜನರ ಮೆಕ್ಕೆಜೋಳದ ಬಳಕೆ ಕುರಿತು ಆರ್ಥರ್ ಪಾರ್ಕರ್ 1910ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಂಕೆಯ ದವಡೆಯೆಲುಬಿನಿಂದ ತೆನೆ ಕೆರೆಯುವುದರ ವಿವರವಿದೆ. ನಮಗಾಗಿ ಜಿಂಕೆಯೇ ಮೊದಲು ಅಗಿದುಕೊಡುತ್ತಿದೆ ಎಂದು ಅವರಲ್ಲೇ ಸೆನೆಕಾ ಪಂಗಡದ ಹೆಂಗಸರು ತಮಾಷೆ ಮಾಡುತ್ತಿದ್ದರಂತೆ. ತಮಾಷೆಯಾದರೂ ಕೆಲಸದ ತಿರುಳು ಅದರಲ್ಲೇ ಇದೆ: ಕಾಳಿನ ಸಿಪ್ಪೆ ದಿಂಡಿನಲ್ಲೇ ಉಳಿಯಬೇಕು, ಒಳಗಿನದಷ್ಟೇ ಹೊರಬರಬೇಕು.

ಇದೇ ಮಾತಿಗೆ ಇನ್ನೊಂದು ಸಾಕ್ಷಿ ಸಿಗುವುದು, ವಿಚಿತ್ರವೆಂದರೆ, ನ್ಯಾಯಾಲಯದ ಕಡತದಲ್ಲಿ. ಮೇನ್ ರಾಜ್ಯದ ಐಸಾಕ್ ವಿನ್ಸ್ಲೋಗೆ ಹಸಿ ಜೋಳವನ್ನು ಡಬ್ಬಿಯಲ್ಲಿ ಕೆಡದಂತಿಡುವ ವಿಧಾನಕ್ಕೆ 1862ರಲ್ಲಿ ಪೇಟೆಂಟ್ ಸಿಕ್ಕಿತು. ಬಾಗಿದ ಚಾಕುವಿನಿಂದ ಕಾಳು ಬಿಡಿಸಿ, ಅದರ ಹಾಲು ಮತ್ತು ಪರಿಮಳ ಹಾರಿಹೋಗದಂತೆ ಡಬ್ಬಿ ಮುಚ್ಚಿಯೇ ಬೇಯಿಸಬೇಕೆಂಬುದು ಅದರ ಸಾರ. ಇದರಲ್ಲಿ ಹೊಸತನವಿಲ್ಲವೆಂದು ಸ್ಯೂಯೆಲ್–ಜೋನ್ಸ್ ಮೊಕದ್ದಮೆಯಲ್ಲಿ (1875) ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಪೇಟೆಂಟ್ ಬಿದ್ದುಹೋದರೂ ಅಡುಗೆಯ ಇತಿಹಾಸಕ್ಕೆ ಒಂದು ದಾಖಲೆ ಉಳಿಯಿತು. ಎಲ್ಲರಿಗೂ ಗೊತ್ತಿರುವುದೆಂದು ಪಾಕಪುಸ್ತಕ ಬಿಟ್ಟುಬಿಡುವುದನ್ನು ವಕೀಲರು ಬಿಡಿಸಿ ಬರೆಯಲೇಬೇಕಲ್ಲ!

ಆ ಹಾಲಿನಲ್ಲಿ ಇರುವುದಾದರೂ ಏನು? ಹಳೆಯ ಸಿಹಿಜೋಳದ ತಳಿಗಳಲ್ಲಿ ‘ಶುಗರಿ-1’ ಎಂಬ ಜೀನು ಕೆಟ್ಟಿರುತ್ತದೆ. ಅದು ಸರಿಯಿದ್ದಾಗ ತಯಾರಾಗುವ ಕಿಣ್ವ ಗ್ಲೂಕೋಸ್ ಸರಪಳಿಗಳ ಅತಿಯಾದ ಕವಲುಗಳನ್ನು ಸವರಿ ಪಿಷ್ಟ ಕಟ್ಟಲು ನೆರವಾಗುತ್ತದೆ. ಕೆಟ್ಟಾಗ ಆ ಸರಪಳಿಗಳಲ್ಲಿ ಹೆಚ್ಚಿನವು ಪೊದೆಯಂತೆ ಕವಲೊಡೆದು, ನೀರಿನಲ್ಲಿ ಕರಗುವ ಫೈಟೊಗ್ಲೈಕೋಜೆನ್ ಆಗಿಯೇ ಉಳಿಯುತ್ತವೆ. ಎಳೆಗಾಳಿನ ಒಣತೂಕದಲ್ಲಿ ಸುಮಾರು ಕಾಲುಭಾಗ ಇದೇ. ನಾಲಗೆಗೆ ಕೆನೆಯಂತೆ ನುಣುಪಾಗಿ ಹತ್ತುವುದು ಇದು. ಪಾತ್ರೆಯಲ್ಲಿ ಗಂಜಿಗಟ್ಟುವುದು ಇದರ ಜೊತೆಗೆ ಉಳಿದ ಪಿಷ್ಟ.

ಮನೆಯಲ್ಲಿ ಮಾಡುವ ಕ್ರಮವೆಲ್ಲ ಈ ಎರಡನ್ನು ಉಳಿಸಿಕೊಳ್ಳುವುದಕ್ಕೇ. ರೇಷ್ಮೆಯೆಳೆ ಹೊರಟು ಸುಮಾರು ಇಪ್ಪತ್ತು ದಿನಗಳ ತೆನೆಯಾಗಬೇಕು. ಉಗುರಿನಿಂದ ಒತ್ತಿದರೆ ಬಿಳಿ ಹಾಲು ಚಿಮ್ಮಬೇಕು. ತಿಳಿನೀರು ಬಂದರೆ ಎಳಸು, ಹಿಟ್ಟಿನಂತೆ ಬಂದರೆ ಬಲಿತಿದೆ. ಅಗಲವಾದ ಬೋಗುಣಿಯಲ್ಲಿ ತೆನೆಯನ್ನು ನಿಲ್ಲಿಸಿ, ಮೊದಲು ಕಾಳಿನ ನೆತ್ತಿಯನ್ನಷ್ಟೇ ಹರಿತವಾದ ಚಾಕುವಿನಿಂದ ಸವರಬೇಕು. ಬುಡದವರೆಗೂ ಕತ್ತರಿಸಿದರೆ ಸಿಪ್ಪೆ, ಹೊಟ್ಟು ಎರಡೂ ಬಾಯಿಗೆ ಸಿಗುತ್ತವೆ. ಆಮೇಲೆ ಚಾಕುವಿನ ಬೆನ್ನಿನಿಂದ ದಿಂಡನ್ನು ಮೇಲಿನಿಂದ ಕೆಳಕ್ಕೆ ಒತ್ತಿ ಎಳೆಯಬೇಕು. ಬೋಗುಣಿಯಲ್ಲಿ ಆಗ ಮಜ್ಜಿಗೆಗಿಂತ ತುಸು ಮಂದವಾದ, ಮಾಸಲು ಬಿಳಿಯ ದ್ರವ ಕೂಡುತ್ತದೆ. ಅದನ್ನು ಕಬ್ಬಿಣದ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಬೇಕು. 62ರಿಂದ 72 ಡಿಗ್ರಿ ಸೆಲ್ಸಿಯಸ್ ನಡುವೆ ಮೆಕ್ಕೆಜೋಳದ ಪಿಷ್ಟ ನೀರು ಹೀರಿ ಉಬ್ಬುತ್ತದೆ. ಅಲ್ಲಿಯವರೆಗೆ ನೀರಾಗಿದ್ದದ್ದು ಸೌಟಿಗೆ ಅಂಟತೊಡಗುತ್ತದೆ. ತಳ ಹಿಡಿಯುವುದೂ ಆಗಲೇ. ಒಂದೆರಡು ಚಮಚ ನೀರು ಚಿಮುಕಿಸಿದರಾಯಿತು. ಉಪ್ಪು, ಮೆಣಸಿನಪುಡಿ, ಒಂದಿಷ್ಟು ಬೆಣ್ಣೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಾದರೆ ಬೆಣ್ಣೆಯ ಬದಲು ಹಂದಿಕೊಬ್ಬು.

ತೆನೆ ಕೊಯ್ದ ಗಳಿಗೆಯೂ ಮುಖ್ಯ. ಆಪಲ್‌ಮನ್ ಮತ್ತು ಆರ್ಥರ್ ಎಂಬ ಸಂಶೋಧಕರು 1919ರಲ್ಲೇ ಅಳೆದು ತೋರಿಸಿದಂತೆ, ಕೊಯ್ದ ಸಿಹಿಜೋಳ ಬಿಸಿಲುಗಾಲದ ಶಾಖದಲ್ಲಿ ಸಕ್ಕರೆಯನ್ನು ಬಹುಬೇಗ ಕಳೆದುಕೊಳ್ಳುತ್ತದೆ: 30 ಡಿಗ್ರಿಯಲ್ಲಿ ಒಂದೇ ದಿನಕ್ಕೆ ಶೇ. 60ರವರೆಗೆ, ಸೊನ್ನೆ ಡಿಗ್ರಿಯಲ್ಲಿ ಶೇ. 6ರಷ್ಟು. ದೂರದ ಪೇಟೆಗೆ ಕಳುಹಿಸುವವರಿಗೆ ಇದು ದೊಡ್ಡ ತಲೆನೋವು. ಅದಕ್ಕೆ ಪರಿಹಾರವಾಗಿ ಒದಗಿದ್ದು ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಅವರ ಕೆಲಸ. ‘ಶ್ರಂಕನ್-2’ ಜೀನು ಕೆಟ್ಟ ಕಾಳುಗಳು ಅಸಾಧಾರಣ ಸಿಹಿಯೆಂದು ಅವರು 1953ರಲ್ಲಿ ಪ್ರಕಟಿಸಿದರು. 1961ರಲ್ಲಿ ‘ಇಲಿನೈ ಎಕ್ಸ್‌ಟ್ರಾ ಸ್ವೀಟ್’ ತಳಿ ಹೊರಬಂತು. ಸಕ್ಕರೆ ಇಮ್ಮಡಿಗೂ ಹೆಚ್ಚು, ದಿನಗಟ್ಟಲೆ ಉಳಿಯುತ್ತದೆ. ಆದರೆ ಪಿಷ್ಟ ಕಟ್ಟುವ ದಾರಿಯ ಮೊದಲ ಹೆಜ್ಜೆಯೇ ಇಲ್ಲಿ ಮುಗ್ಗರಿಸುವುದರಿಂದ ಫೈಟೊಗ್ಲೈಕೋಜೆನ್ ಇಲ್ಲವೆನ್ನುವಷ್ಟು ಕಡಿಮೆ, ಪಿಷ್ಟವೂ ಕಡಿಮೆ. ಅಂಥ ತೆನೆ ಕೆರೆದರೆ ಸಿಗುವುದು ಸಕ್ಕರೆಪಾನಕ. ಮೈದಾ, ಕೆನೆ ಆಗ ಅನಿವಾರ್ಯವಾದದ್ದರಲ್ಲಿ ಆಶ್ಚರ್ಯವಿಲ್ಲ. ಡಬ್ಬಿಯವರಿಗಂತೂ ಪಿಷ್ಟ ಬೆರೆಸಲು ಅಮೆರಿಕದ ಆಹಾರ ನಿಯಮಗಳೇ ಅನುಮತಿಸುತ್ತವೆ. ಅಂಗಡಿಯ ‘ಕ್ರೀಮ್ ಸ್ಟೈಲ್’ ಡಬ್ಬಿಯಲ್ಲಿ ಸಾಮಾನ್ಯವಾಗಿ ಹಾಲಿನ ಹನಿಯೂ ಇರುವುದಿಲ್ಲ.

ನಮ್ಮ ಪೇಟೆಗಳಲ್ಲಿ ಸ್ವೀಟ್ ಕಾರ್ನ್ ಎಂದು ಸಿಗುವುದೂ ಬಹುಮಟ್ಟಿಗೆ ಈ ಅತಿಸಿಹಿ ಬಗೆಯದೇ. ಅದನ್ನೇ ಬಳಸುವವರು ಮೂರನೆಯ ಒಂದು ಭಾಗ ಕಾಳನ್ನು ರುಬ್ಬಿ ಸೇರಿಸಬೇಕಾಗುತ್ತದೆ, ಆದರೂ ತುಸು ನೀರಾಗಿಯೇ ಇರುತ್ತದೆ. ಅದಕ್ಕಿಂತ ದಾವಣಗೆರೆ, ಹಾವೇರಿ ಕಡೆ ಕೋಳಿ ಆಹಾರಕ್ಕೆಂದು ಬೆಳೆಯುವ ಸಾಧಾರಣ ಮೆಕ್ಕೆಜೋಳದ ತೆನೆಯನ್ನು ಹಾಲುಗಾಳಿನ ಹಂತದಲ್ಲಿ ಒಂದೆರಡು ಬೆರೆಸುವುದು ಮೇಲು. ಸಿಹಿ ಕಡಿಮೆ, ಪಿಷ್ಟ ಧಾರಾಳ. ಹಿಕರಿ ಕಿಂಗ್‌ನಂಥ ಹೊಲದ ಜೋಳವನ್ನೇ ಎಳೆಯದಾಗಿರುವಾಗಲೇ ಕೆರೆದು ಬೇಯಿಸುವ ರೂಢಿ ಅಮೆರಿಕದ ದಕ್ಷಿಣದಲ್ಲಿ ಇಂದಿಗೂ ಇದೆ.